ಬಾಯಿಬಿಟ್ಟ, ಬಾಯಿಬಿಡಿಸಿದ

ನಾಚಿಕೆಯವರು ಸಾಲ ಬೇಕಿದ್ದರೂ ಬಾಯಿಬಿಟ್ಟು ಕೇಳುವುದಿಲ್ಲ. ನೊಂದ ಮಗಳು ತಾಯಿಯ ಮುಂದೆ ಮಾತ್ರ ಬಾಯಿಬಿಡುತ್ತಾಳೆ. ಅಲ್ಲೆಲ್ಲ ಬಿಡುವುದೂ ಬಿಡದಿರುವುದೂ ಅವರವರ ಇಷ್ಟ. ಠಾಣೆಯ ಮೆಟ್ಟಿಲು ಹತ್ತಿದ ಕೂಡಲೇ ಈ ಕ್ರಿಯಾಪದಕ್ಕೆ ‘ಇಸು’ ಅಂಟಿಕೊಂಡು ‘ಬಾಯಿಬಿಡಿಸು’ ಆಗುತ್ತದೆ. ಮರುದಿನದ ಪತ್ರಿಕೆಯಲ್ಲಿ ಆ ‘ಇಸು’ ಉದುರಿರುತ್ತದೆ: ‘ವಿಚಾರಣೆ ವೇಳೆ ಆರೋಪಿ ಬಾಯಿಬಿಟ್ಟಿದ್ದಾನೆ.’ ಬಿಡಿಸಿದವರು ವಾಕ್ಯದಿಂದಲೇ ಮಾಯ. ಕಾನೂನು ಅವರನ್ನು ಮರೆತಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸಕೂಡದೆಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ತಮ್ಮದೇ ಪೊಲೀಸರ ಬಗ್ಗೆ ಬ್ರಿಟಿಷರಿಗಿದ್ದ ಅಪನಂಬಿಕೆ ನಮಗೆ ಉಪಕಾರವಾಯಿತು ಅನ್ನಿ. 2010ರ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು: ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಸಂವಿಧಾನದ 20(3)ನೇ ವಿಧಿಗೆ ವಿರುದ್ಧ. ಸೂಜಿ ಚುಚ್ಚಿ ಬಿಡಿಸಿದರೂ ಅದು ಬಿಡಿಸಿದ್ದೇ.

ಮಾಡದ ತಪ್ಪನ್ನು ಯಾರಾದರೂ ಒಪ್ಪುತ್ತಾರೆಯೇ ಎಂದು ಕೇಳುವವರಿದ್ದಾರೆ. ನಿದ್ದೆಗೆಟ್ಟವನಿಗೆ, ಹೆದರಿದವನಿಗೆ, ‘ಒಪ್ಪಿಕೋ, ಮನೆಗೆ ಬಿಡುತ್ತೇವೆ’ ಎಂಬ ಮಾತು ಕಿವಿಗೆ ಬಿದ್ದವನಿಗೆ ಮುಂದಿನ ಶಿಕ್ಷೆಗಿಂತ ಈ ಗಳಿಗೆಯ ಬಿಡುಗಡೆ ದೊಡ್ಡದು. ಬೆಳ್ತಂಗಡಿ ತಾಲ್ಲೂಕಿನ ನೆರಿಯದಂಥ ಊರಿನಲ್ಲಿ ಭಾಷೆಯ ತೊಡಕೂ ಸೇರುತ್ತದೆ. ತುಳುವಿನಲ್ಲೋ ಮಲಯಾಳದಲ್ಲೋ ಆಡಿದ್ದು ಹೇಳಿಕೆಯ ಹಾಳೆಗೆ ಇಳಿಯುವಾಗ ಠಾಣೆಯ ಕನ್ನಡವಾಗುತ್ತದೆ. ‘ಅಲ್ಲಿದ್ದೆ ಹೌದು’ ಎಂದದ್ದು ‘ಕೃತ್ಯ ಎಸಗಿದ್ದು ನಿಜ’ ಆಗಲು ಹೆಚ್ಚು ದೂರವಿಲ್ಲ. ಹಾಗಾದರೆ ಪೊಲೀಸರು ತನಿಖೆ ಮಾಡುವುದೇ ಬೇಡವೇ? ಕೇಳಲು ಯಾರ ಅಡ್ಡಿಯೂ ಇಲ್ಲ. ಆರೋಪಿ ತೋರಿಸಿದ ಜಾಗದಲ್ಲಿ ವಸ್ತು ಸಿಕ್ಕರೆ, ಅದಕ್ಕೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ನ್ಯಾಯಾಲಯ ಪರಿಗಣಿಸಬಹುದು; ಮನಸಾರೆ ಒಪ್ಪಿಕೊಳ್ಳುವವನಿಗೆ ಮ್ಯಾಜಿಸ್ಟ್ರೇಟರ ಬಾಗಿಲು ತೆರೆದಿದೆ. ವಸ್ತುವಿನ ಬದಲು ಬಾಯನ್ನೇ ಹುಡುಕುವುದು ತನಿಖೆಯ ಸೋಮಾರಿತನ.

ಆರೋಪ ಸುಳ್ಳಾದರೆ ಕೋರ್ಟು ಬಿಡುತ್ತದಲ್ಲ ಎಂಬ ಸಮಾಧಾನವೂ ಒಂದಿದೆ. ಬಿಡುತ್ತದೆ, ಯಾವಾಗ? ಅದೇ ಬೆಳ್ತಂಗಡಿ ತಾಲ್ಲೂಕಿನ ಊರು ಕುತ್ಲೂರು. ಅಲ್ಲಿಯ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನು 2012ರ ಮಾರ್ಚಿನಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ತಂದೆಯ ಸಮೇತ ಬಂಧಿಸಲಾಯಿತು. ಇಲ್ಲಿ ಬಾಯಿಗಿಂತ ಕಪಾಟೇ ಮಾತಾಡಿತು: ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಪತ್ರಿಕಾ ತುಣುಕುಗಳೂ ಇದ್ದವು. ಅಂಥವನ್ನು ಇಟ್ಟುಕೊಳ್ಳುವುದು ಅಪರಾಧವಲ್ಲವೆಂದು ಮಂಗಳೂರಿನ ನ್ಯಾಯಾಲಯ ಹೇಳಿ ಇಬ್ಬರನ್ನೂ ಖುಲಾಸೆಗೊಳಿಸಿದ್ದು 2021ರ ಅಕ್ಟೋಬರಿನಲ್ಲಿ. ಅಷ್ಟರೊಳಗೆ ಆ ವಿದ್ಯಾರ್ಥಿ ಪತ್ರಕರ್ತರಾಗಿ ಕೆಲಸಕ್ಕೂ ಸೇರಿದ್ದರು.