ಹೊಟ್ಟೆಪಾಡಿಗೆ ಊರು ಬಿಟ್ಟ ಮಿಡ್‌ಫೀಲ್ಡರ್‌ಗಳು

1956ರ ನವೆಂಬರ್ 1ರಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಜನ ಮುಂಬಯಿ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯದವರಾದರು. ಮೂರೂ ಆಗ ಧಾರವಾಡ ಜಿಲ್ಲೆಯ ಊರುಗಳು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಫುಟ್‌ಬಾಲ್ ಸೆಮಿಫೈನಲ್ ಮುಟ್ಟಿತು. ಏಷ್ಯಾದ ಯಾವ ದೇಶವೂ ಅಲ್ಲಿಯವರೆಗೆ ಆ ಹಂತಕ್ಕೆ ಹೋಗಿರಲಿಲ್ಲ. ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಅವರ ಹೆಸರು ಇಂದಿಗೂ ಓಡಾಡುತ್ತದೆ. ಅದೇ ತಂಡದ ಹಾಫ್‌ಬ್ಯಾಕ್ ಬೆಂಗಳೂರಿನ ಕೆಂಪಯ್ಯ. ಹೊಸದಾಗಿ ಒಂದಾದ ಕನ್ನಡ ನಾಡಿಗೆ ಅವರು ಮನೆಯ ಮಗ. ಆದರೆ ಅವರನ್ನು ನೆನೆಯುವವರು ಕಡಿಮೆ.

ಹಾಫ್‌ಬ್ಯಾಕ್‌ನ ಕೆಲಸವೇ ಅಂಥದ್ದು. ಎದುರಾಳಿಯ ಕಾಲಿನಿಂದ ಚೆಂಡು ಕಸಿಯಬೇಕು, ತಲೆಯೆತ್ತಿ ಮೈದಾನ ಅಳೆಯಬೇಕು, ಮುಂದಿನವನಿಗೆ ಚೆಂಡು ಒಪ್ಪಿಸಿ ಮತ್ತೆ ಹಿಂದಕ್ಕೆ ಓಡಬೇಕು. ಮುಂದೆ ಇದೇ ಜಾಗದ ಆಟಗಾರನನ್ನು ಮಿಡ್‌ಫೀಲ್ಡರ್ ಎಂದು ಕರೆಯತೊಡಗಿದರು. ಕರ್ನಾಟಕದ ಈ ಆಟಗಾರರ ಚರಿತ್ರೆ ದುಡಿಮೆಯ ಚರಿತ್ರೆಯೂ ಹೌದು. ಆಟವನ್ನು ಇಲ್ಲಿ ಕಲಿತು, ಅನ್ನವನ್ನು ಬೇರೆ ಊರಿನಲ್ಲಿ ಹುಡುಕಿದವರ ಕಥೆ ಅದು.

ಬೆಂಗಳೂರಿನ ಫುಟ್‌ಬಾಲ್ ಬಲ ಆ ಹೊತ್ತಿಗೆ ಹಳೆಯದಾಗಿತ್ತು. ಬ್ರಿಟಿಷ್ ಪಡೆಗಳ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಗೆದ್ದುಕೊಂಡಿತು, ಮರುವರ್ಷವೂ ಬಿಡಲಿಲ್ಲ. ಸಂತೋಷ್ ಟ್ರೋಫಿಯನ್ನು ಮೈಸೂರು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತು. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಮೊದಲ ಎರಡು ಗೆಲುವುಗಳ ಕಾಲಕ್ಕೆ ಹಾವೇರಿ ಭಾಗದವರ ಪಾಲಿಗೆ ಮೈಸೂರು ಪರರಾಜ್ಯದ ತಂಡ. ಕೊನೆಯ ಎರಡು ಗೆಲುವುಗಳಲ್ಲಿ ಅವರಿಗೂ ಪಾಲಿತ್ತು.

ಬಂಗಾಳವನ್ನು ಸೋಲಿಸಿದ ನಾಡಿನ ಆಟಗಾರರು ಬದುಕಲು ಹೋದದ್ದು ಮಾತ್ರ ಬಂಗಾಳಕ್ಕೇ. ಅಹ್ಮದ್ ಖಾನ್ ಬೆಂಗಳೂರು ಬಿಟ್ಟು ಈಸ್ಟ್ ಬೆಂಗಾಲ್ ಸೇರಿ ಅಲ್ಲಿ ‘ಪಂಚಪಾಂಡವ’ರೆಂದು ಹೆಸರಾದ ಐವರು ಆಟಗಾರರಲ್ಲಿ ಒಬ್ಬರಾದರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಆ ಕ್ಲಬ್ ಐಎಫ್‌ಎ ಶೀಲ್ಡ್ ಗೆದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು 10–1ರಿಂದ ಸೋತಾಗ ಆ ಒಂದು ಗೋಲು ಅಹ್ಮದ್ ಖಾನ್ ಅವರದೇ. ಕೆಂಪಯ್ಯ ಕೋಲ್ಕತ್ತದ ಇನ್ನೊಂದು ದೊಡ್ಡ ಕ್ಲಬ್ ಮೋಹನ್ ಬಾಗಾನ್ ಸೇರಿದರು.

ಊರಲ್ಲೇ ಉಳಿದವರಿಗೆ ಆಸರೆಯಾದದ್ದು ಸರ್ಕಾರಿ ಕಾರ್ಖಾನೆಗಳು. ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ, ವಿಮಾನ ಕಟ್ಟುತ್ತಿದ್ದ ಎಚ್‌ಎಎಲ್ ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. 1977ರಲ್ಲಿ ಮೊಟ್ಟಮೊದಲ ಫೆಡರೇಶನ್ ಕಪ್ ನಡೆದಾಗ ಅದನ್ನು ಗೆದ್ದದ್ದು ಕೋಲ್ಕತ್ತದ ಕ್ಲಬ್ ಅಲ್ಲ, ಐಟಿಐ. ಫೈನಲ್‌ನಲ್ಲಿ ಸೋತದ್ದು ಮೋಹನ್ ಬಾಗಾನ್. ತಿಂಗಳ ಸಂಬಳದ ಭರವಸೆ ಆಟವನ್ನು ಎಷ್ಟು ಎತ್ತರಕ್ಕೆ ಒಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ವೃತ್ತಿಪರ ಮಿಡ್‌ಫೀಲ್ಡರ್‌ನ ಬದುಕು ಪೂರ್ತಿಯಾಗಿ ಕಾಣುವುದು ಕಾರ್ಲ್‌ಟನ್ ಚಾಪ್‌ಮನ್ ಅವರಲ್ಲಿ. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಅವರು ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕ್‌ನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಮಣಿಸಿತು. ಮೂರು ಗೋಲು ಚಾಪ್‌ಮನ್ ಅವರವು. ಮುಂದೆ ಪಂಜಾಬಿನ ಫಗ್ವಾರಾದ ಜೆಸಿಟಿ ಕರೆಯಿತು. ಅಲ್ಲಿ ಐ. ಎಂ. ವಿಜಯನ್, ಬೈಚುಂಗ್ ಭುಟಿಯಾ ಅವರಂಥವರಿಗೆ ನಡುವಿನಿಂದ ಚೆಂಡು ಒದಗಿಸುತ್ತ 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಆಮೇಲೆ ಎಫ್‌ಸಿ ಕೊಚ್ಚಿನ್. ಮತ್ತೆ ಈಸ್ಟ್ ಬೆಂಗಾಲ್, ಈ ಸಲ ನಾಯಕರಾಗಿ 2000–01ರ ರಾಷ್ಟ್ರೀಯ ಲೀಗ್. ಭಾರತ ತಂಡವನ್ನೂ ಮುನ್ನಡೆಸಿದರು. ಆಟ ನಿಲ್ಲಿಸಿದ ಮೇಲೂ ತಿರುಗಾಟ ನಿಲ್ಲಲಿಲ್ಲ: ತರಬೇತುದಾರರಾಗಿ ಜಮ್ಷೆಡ್‌ಪುರ, ಶಿಲ್ಲಾಂಗ್, ಕೋಳಿಕ್ಕೋಡು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ. ಅವರ ವೃತ್ತಿಪರ ಆಟದ ಬಹುಪಾಲು ಹುಟ್ಟಿದ ಊರಿನ ಹೊರಗೇ ಕಳೆಯಿತು.

ಈ ವಲಸೆ ಫುಟ್‌ಬಾಲ್‌ಗೆ ಹೆಸರಾದ ದಕ್ಷಿಣ ಅಮೆರಿಕವನ್ನೂ ಬಿಟ್ಟಿಲ್ಲ. ಬ್ರೆಜಿಲ್‌ನ ಮಿಡ್‌ಫೀಲ್ಡರ್ ದಿದಿ 1958ರ ವಿಶ್ವಕಪ್‌ನ ಅತ್ಯುತ್ತಮ ಆಟಗಾರ. ಮರುವರ್ಷವೇ ಅವರು ಸ್ಪೇನ್‌ನ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಅವರ ನಂತರ ಸಾವಿರಾರು ಮಂದಿ ಅದೇ ದಾರಿ ಹಿಡಿದರು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದ ಮೇಲೆ ಆ ದಾರಿಯ ಒಂದು ಕವಲು ಕರ್ನಾಟಕಕ್ಕೂ ತಿರುಗಿತು. 2021ರಲ್ಲಿ ಪೋರ್ಚುಗಲ್‌ನ ಬೆಲೆನೆನ್ಸಸ್‌ನಿಂದ ಬ್ರೆಜಿಲ್‌ನ ಮಿಡ್‌ಫೀಲ್ಡರ್ ಬ್ರೂನೊ ರಮಿರೆಸ್ ಈ ಕ್ಲಬ್ ಸೇರಿದರು. ಕೋವಿಡ್‌ನಿಂದಾಗಿ ಆ ಸಲದ ಇಂಡಿಯನ್ ಸೂಪರ್ ಲೀಗ್ ಪೂರ್ತಿ ಗೋವಾದಲ್ಲೇ ನಡೆಯಿತು. ಕನ್ನಡಿಗ ಮಿಡ್‌ಫೀಲ್ಡರ್ ಕೋಲ್ಕತ್ತಕ್ಕೆ ಗುಳೆ ಹೋಗುತ್ತಿದ್ದ ಕಾಲದಿಂದ, ಬ್ರೆಜಿಲ್‌ನವರು ಬೆಂಗಳೂರಿನ ಸಂಬಳಕ್ಕೆ ಬರುವ ಕಾಲಕ್ಕೆ ಆಟ ಬಂದು ನಿಂತಿತ್ತು.

ಆದರೆ ಬೆಂಗಳೂರಿಗೆ ಬಂದದ್ದು ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ನಿಲ್ದಾಣಗಳವರೆಗೆ ಬರಲಿಲ್ಲ. ಮೂರೂ ಊರು ಒಂದೇ ರೈಲುದಾರಿಯಲ್ಲಿ ಸಾಲಾಗಿವೆ. ಇಲ್ಲಿ ಕುಸ್ತಿ, ಕಬಡ್ಡಿ ಇವೆ, ದೀಪಾವಳಿಯ ಹೊತ್ತಿಗೆ ಕೊಬ್ಬರಿ ಹೋರಿ ಹಬ್ಬವಿದೆ. ಓಡಿ ಬರುವ ಹೋರಿ ಯಾವ ಕಡೆ ತಿರುಗೀತು ಎಂದು ಅರೆಗಳಿಗೆ ಮೊದಲೇ ಅಂದಾಜು ಮಾಡಿ ಕೊಬ್ಬರಿಗೆ ಕೈ ಹಾಕುವ ಹುಡುಗನಿಗಿರುವ ಕಣ್ಣೇ ಮಿಡ್‌ಫೀಲ್ಡರ್‌ಗೂ ಬೇಕಾದದ್ದು. ಮೈಕಟ್ಟು, ಉಸಿರು, ಧೈರ್ಯ ಯಾವುದಕ್ಕೂ ಈ ಭಾಗದಲ್ಲಿ ಬರವಿಲ್ಲ.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆ ಗೆಲುವಿನ ಬೇರು ಇನ್ನೂ ಹರಡಬೇಕಾದರೆ ಹಾವೇರಿ ಜಿಲ್ಲೆಯ ಶಾಲೆಗಳಿಗೆ ಚೆಂಡು, ಗೋಲುಕಂಬ, ಬಲ್ಲ ತರಬೇತುದಾರರು ಬೇಕು. ತಾಲ್ಲೂಕು ಮಟ್ಟದಲ್ಲಿ ಪ್ರತಿವರ್ಷ ತಪ್ಪದೆ ನಡೆಯುವ ಲೀಗ್ ಬೇಕು. ಸಂಘಟಕರು, ಶಾಲೆಗಳು, ವರ್ತಕರು ಕೈಜೋಡಿಸಿದರೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ಹಾವೇರಿ ಜಿಲ್ಲೆ ಇದನ್ನು ಈಗಲೇ ಶುರು ಮಾಡಬೇಕು.