ಮನೆಗಳವಿನ ವಿಮೆ: ಪರಿಹಾರ ನಿರಾಕರಿಸಿದಾಗ ಪಾಲಿಸಿದಾರನ ಮುಂದಿರುವ ಹಾದಿ

ಬೇಸಿಗೆಯ ರಜೆ, ಊರಿನ ಜಾತ್ರೆ, ಬಂಧುಗಳ ಮದುವೆ-ಮುಂಜಿಗಳ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ ಮೊದಲಾದ ನಗರಗಳ ಕನ್ನಡ ಕುಟುಂಬಗಳು ವಾರಗಟ್ಟಲೆ ಮನೆಗೆ ಬೀಗವಿಕ್ಕಿ ತೆರಳುವುದುಂಟು. ಅಂಥ ಸಮಯದಲ್ಲಿ ಕಳವಾದರೆ ವಿಮೆಯಿದೆಯೆಂಬುದೊಂದು ಧೈರ್ಯ. ಆದರೆ ಪರಿಹಾರ ನಿರಾಕರಿಸಿದ ಪತ್ರ ಕಂಪನಿಯಿಂದ ಬಂದೊಡನೆ ಅನೇಕರು ಅದನ್ನೇ ಅಂತಿಮ ತೀರ್ಪೆಂದು ಭಾವಿಸಿ ಕೈಚೆಲ್ಲುತ್ತಾರೆ. ಆ ಪತ್ರವನ್ನು ಪ್ರಶ್ನಿಸುವ ಹಾದಿಗಳನ್ನೂ ಅವುಗಳ ಗಡುವುಗಳನ್ನೂ ಪ್ರತಿಯೊಬ್ಬ ಪಾಲಿಸಿದಾರನು ಅರಿತಿರುವುದು ಒಳಿತು.

ಪಾಲಿಸಿಯ ಒಕ್ಕಣೆ

ಮೊದಲು ಪಾಲಿಸಿಯ ಪೂರ್ಣ ಪಾಠವನ್ನು ಓದಬೇಕು. 2021ರ ಏಪ್ರಿಲ್ 1ರಂದು ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಮೂಲತಃ ಬೆಂಕಿ, ನೆರೆ, ಭೂಕಂಪ ಮುಂತಾದ ಅವಘಡಗಳಿಗೆ ಸಂಬಂಧಿಸಿದ ಪಾಲಿಸಿ. ಅಂಥ ಅವಘಡ ನಡೆದ 7 ದಿನಗಳೊಳಗಿನ ಕಳವು ಮಾತ್ರ ಅದರಲ್ಲಿ ಸೇರುತ್ತದೆ. ಕನ್ನಗಳವಿಗೆ ಪ್ರತ್ಯೇಕ ರಕ್ಷಣೆಯನ್ನು ಪಡೆದಿರಬೇಕು.

ಕನ್ನಗಳವಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ‘ಬಲಪ್ರಯೋಗದಿಂದ ಒಳನುಗ್ಗಿ’ ಮಾಡಿದ ಕಳವಾಗಿರಬೇಕೆಂಬ ಷರತ್ತಿರುತ್ತದೆ. ವಿವಾದ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ದಂಡಸಂಹಿತೆಯ ದೃಷ್ಟಿಯಲ್ಲಿ ಕಳ್ಳಕೀಲಿಯಿಂದ ಬೀಗ ತೆರೆದು ಒಳಹೊಕ್ಕರೂ ಅದು ಮನೆ ಮುರಿದಂತೆಯೇ ಸರಿ. ವಿಮೆಗೆ ಅಷ್ಟು ಸಾಲದು. ಯುನೈಟೆಡ್ ಇಂಡಿಯಾ ವಿಮಾ ಕಂಪನಿ ಮತ್ತು ಹರ್‌ಚಂದ್ ರಾಯ್ ಚಂದನ್ ಲಾಲ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಾಲಿಸಿಯಲ್ಲಿರುವ ವ್ಯಾಖ್ಯೆಯೇ ಪ್ರಧಾನವೆಂದೂ ಬಲಪ್ರಯೋಗವಿಲ್ಲದ ಕಳವು ಅದರಡಿ ಬಾರದೆಂದೂ 2004ರಲ್ಲಿ ತೀರ್ಪಿತ್ತಿತು. 2016ರಲ್ಲಿ ಇನ್ನೊಂದು ಪ್ರಕರಣದಲ್ಲಿಯೂ ಇದೇ ನಿಲುವನ್ನು ತಳೆಯಿತು. ಆದುದರಿಂದ ಮುರಿದ ಕೊಂಡಿ, ಬಾಗಿದ ಸರಳು, ಕಿತ್ತ ಚಿಲಕ ಇವೆಲ್ಲ ಪೊಲೀಸರ ಪಂಚನಾಮೆಯಲ್ಲಿ ದಾಖಲಾಗಿರಬೇಕು. ಬಾಗಿಲನ್ನು ದುರಸ್ತಿ ಮಾಡಿಸುವ ಮುನ್ನ ತೆಗೆದ ಛಾಯಾಚಿತ್ರಗಳೂ ಬಡಗಿಯ ರಸೀದಿಯೂ ಸಾಕ್ಷ್ಯವಾಗಬಲ್ಲವು.

ಇತರ ಕಾರಣಗಳು

ಪಾಲಿಸಿಯಲ್ಲಿ ಹೇಳಿದ ಅವಧಿಗಿಂತ ಹೆಚ್ಚು ದಿನ ಮನೆ ಖಾಲಿಯಿತ್ತೆಂಬುದು ಮತ್ತೊಂದು ಆಕ್ಷೇಪ. ರೈಲು ಟಿಕೆಟು, ಸೊಸೈಟಿಯ ಕಾವಲುಗಾರನ ದಾಖಲೆ ಪುಸ್ತಕ ಮುಂತಾದವುಗಳಿಂದ ಇದಕ್ಕೆ ಉತ್ತರಿಸಬಹುದು. ಒಡವೆಗಳ ಬಗ್ಗೆ ಸಂದೇಹವೆತ್ತಿದರೆ ಹಳೆಯ ರಸೀದಿ, ಮೌಲ್ಯಮಾಪನ ಪತ್ರ, ಮದುವೆಯ ಛಾಯಾಚಿತ್ರಗಳು ನೆರವಾಗುತ್ತವೆ.

ಸೂಚನೆ ತಡವಾಯಿತೆಂಬ ಕಾರಣವನ್ನು ಕಂಪನಿ ಕೊಟ್ಟಿದ್ದರೆ, ವಿಮಾ ನಿಯಂತ್ರಣ ಪ್ರಾಧಿಕಾರವು 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ, ತಡವಾದ ಮಾತ್ರಕ್ಕೆ ನೈಜ ಕೋರಿಕೆಗಳನ್ನು ಯಾಂತ್ರಿಕವಾಗಿ ತಳ್ಳಿಹಾಕಬಾರದೆಂದು ಹೇಳಿರುವುದನ್ನು ಉಲ್ಲೇಖಿಸಬೇಕು. ವಾಹನ ಕಳವಿನ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟು, ಎಫ್‌ಐಆರ್ ಕೂಡಲೇ ದಾಖಲಾಗಿದ್ದರೆ ಕಂಪನಿಗೆ ತಿಳಿಸಲು ತಡವಾಯಿತೆಂಬುದೊಂದೇ ನಿರಾಕರಣೆಗೆ ಆಧಾರವಾಗದೆಂದಿದೆ. ಸರ್ವೇಯರನ ವರದಿಯೂ ಕೊನೆಯ ಮಾತಲ್ಲವೆಂಬುದು 2009ರ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ಆ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಬೇಕು.

ಮೂರು ಮೆಟ್ಟಿಲುಗಳು

ಮೊದಲನೆಯದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ಮನವಿ. ಪತ್ರದಲ್ಲಿ ಕಂಪನಿ ಕೊಟ್ಟ ಕಾರಣಗಳಿಗೆ ಒಂದೊಂದಾಗಿ, ಪಾಲಿಸಿಯ ಷರತ್ತಿನ ಸಂಖ್ಯೆ ನಮೂದಿಸಿ ಉತ್ತರಿಸಬೇಕು. ನಿರಾಕರಣ ಪತ್ರವನ್ನು ಜೋಪಾನವಾಗಿ ಕಾಪಾಡಿಕೊಳ್ಳಬೇಕು. ಅದರಲ್ಲಿಲ್ಲದ ಹೊಸ ಕಾರಣವನ್ನು ಕಂಪನಿ ಆಮೇಲೆ ಹೂಡುವಂತಿಲ್ಲವೆಂದು ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟು ಹೇಳಿದೆ.

ಎರಡನೆಯದು ವಿಮಾ ಓಂಬುಡ್ಸ್‌ಮನ್. ಮನವಿ ತಿರಸ್ಕೃತವಾದರೆ, ಉತ್ತರ ತೃಪ್ತಿಕರವಲ್ಲದಿದ್ದರೆ ಅಥವಾ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಒಂದು ವರ್ಷದೊಳಗೆ ಇಲ್ಲಿಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪರಿಹಾರದ ಮಿತಿಯನ್ನು 2023ರಲ್ಲಿ 30 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರುಗಳಲ್ಲಿ ಕಚೇರಿಗಳಿವೆ. ಓಂಬುಡ್ಸ್‌ಮನ್ನರ ತೀರ್ಪಿಗೆ ಕಂಪನಿ ಬದ್ಧ.

ಮೂರನೆಯದು ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಹೂಡಬಹುದು. ಪಾಲಿಸಿ ಬೇರೆ ಊರಿನಲ್ಲಿ ಪಡೆದುದಾದರೂ ಅಡ್ಡಿಯಿಲ್ಲ. ಆಯೋಗದ ವ್ಯಾಪ್ತಿ ನಿರ್ಧಾರವಾಗುವುದು ತೆತ್ತ ಮೊತ್ತ, ಅಂದರೆ ಪ್ರೀಮಿಯಂ ಆಧಾರದಲ್ಲಿ. ಅದು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಗಡುವು ಎರಡು ವರ್ಷ. ಓಂಬುಡ್ಸ್‌ಮನ್ನರ ಬಳಿ ದೂರಿದ್ದರೂ ಈ ಗಡುವನ್ನು ಮರೆಯಬಾರದು. ಒಂದೇ ವಿಷಯ ಆಯೋಗದಲ್ಲಿ ವಿಚಾರಣೆಯಲ್ಲಿದ್ದರೆ ಓಂಬುಡ್ಸ್‌ಮನ್ನರು ಅದನ್ನು ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ ಯಾವ ಹಾದಿ ಮೊದಲೆಂಬುದನ್ನು ಯೋಚಿಸಿ ಆರಿಸಬೇಕು.

ಇವೆಲ್ಲಕ್ಕೂ ಮುನ್ನ, ಊರಿಗೆ ಹೊರಡುವಾಗ ಒಡವೆಗಳ ಪಟ್ಟಿ, ರಸೀದಿ ಮತ್ತು ಪಾಲಿಸಿಯ ಪ್ರತಿಯೊಂದನ್ನು ಮನೆಯ ಹೊರಗೆ ನಂಬಿಕಸ್ತರಲ್ಲಿ ಇರಿಸುವುದು ಜಾಣತನ. ಕಪಾಟು ಒಡೆದ ಕಳ್ಳನು ಒಡವೆಯೊಡನೆ ಅದರ ದಾಖಲೆಯನ್ನೂ ಒಯ್ದರೆ, ಕಳೆದುಹೋದದ್ದು ಇತ್ತೆಂದು ಸಾಬೀತುಪಡಿಸುವುದೇ ಕಷ್ಟವಾಗುತ್ತದೆ.