ದಂಡನೆಗೂ ಮೊದಲು ಕೇಳಬೇಕಾದ ಪ್ರಶ್ನೆ: ಅಕ್ಕಲಕೋಟ ಸೀಮೆಯ ಶಾಲೆಗಳನ್ನು ಕುರಿತು ಒಂದು ಟಿಪ್ಪಣಿ

ಶಿಸ್ತಿನ ಹೆಸರಿನಲ್ಲಿ ಅಂಗವಿಕಲ ವಿದ್ಯಾರ್ಥಿಯ ಮೇಲೆ ಶಾಲೆ ಎಷ್ಟರಮಟ್ಟಿಗೆ ಕ್ರಮ ಕೈಗೊಳ್ಳಬಹುದು? ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟ ತಾಲೂಕಿನ ಹನ್ನೂರಿನಂಥ ಕನ್ನಡ ಊರುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಿದೆ.

ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಎರಡು ಕಾಯ್ದೆಗಳನ್ನು ಕೂಡಿಸಿ ಓದಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 16ನೇ ಕಲಮಿನ ಪ್ರಕಾರ ಎಂಟನೇ ಇಯತ್ತೆ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತಿಲ್ಲ. ನಪಾಸು ಮಾಡಲು ದಾರಿ ತೆರೆದ 2019ರ ತಿದ್ದುಪಡಿಯೂ ಇದನ್ನು ಉಳಿಸಿಕೊಂಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ, ಕಲಿಕಾ ನ್ಯೂನತೆ, ಶ್ರವಣದೋಷ ಸೇರಿ 21 ಬಗೆಯ ವೈಕಲ್ಯಗಳನ್ನು ಒಳಗೊಂಡಿದೆ.

ಅಮೆರಿಕದ ಕಾನೂನು ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಅಲ್ಲಿನ ಸುಪ್ರೀಂ ಕೋರ್ಟು 1988ರಲ್ಲಿ ಹಾನಿಗ್ ವಿರುದ್ಧ ಡೋ ಪ್ರಕರಣದಲ್ಲಿ, ಅಂಗವಿಕಲ ಮಗುವನ್ನು ಶಾಲೆ ತಾನೇ ತೀರ್ಮಾನಿಸಿ ಹೊರಹಾಕಲಾಗದು ಎಂದಿತು. ಶಿಸ್ತುಕ್ರಮವಾಗಿ 10 ಶಾಲಾ ದಿನಗಳಿಗಿಂತ ಹೆಚ್ಚು ಹೊರಗಿಡುವುದಾದರೆ, ಆ ವರ್ತನೆ ವೈಕಲ್ಯದಿಂದಲೇ ಬಂದದ್ದೇ ಎಂದು ಪರಿಶೀಲಿಸುವುದು ಅಲ್ಲೀಗ ಕಡ್ಡಾಯ. ನಮ್ಮ ಕಾಯ್ದೆಗಳಲ್ಲಿ ಈ ಪ್ರಶ್ನೆ ನೇರವಾಗಿ ಇಲ್ಲ. ಆದರೆ 2016ರ ಕಾಯ್ದೆಯ 3ನೇ ಕಲಮು, ನ್ಯಾಯಸಮ್ಮತ ಉದ್ದೇಶಕ್ಕೆ ತಕ್ಕಷ್ಟೇ ಕ್ರಮವೆಂದು ತೋರಿಸದ ಹೊರತು ವೈಕಲ್ಯದ ಕಾರಣಕ್ಕೆ ತಾರತಮ್ಯ ಸಲ್ಲದು ಎನ್ನುತ್ತದೆ. ಹಾಗೆ ತೋರಿಸುವ ಹೊಣೆ ಶಾಲೆಯದು. ಆದ್ದರಿಂದ ಆ ಪ್ರಶ್ನೆಯೂ ಇದರೊಳಗೇ ಅಡಗಿದೆ ಎಂಬುದು ನನ್ನ ಓದು.

ಒಂದು ಕಲ್ಪಿತ ಸಂದರ್ಭ ನೋಡೋಣ. ಕಿವಿ ಮಂದವಾದ ಹುಡುಗ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಹಾಜರಿ ಕೂಗಿದರೆ ಓಗೊಡುವುದಿಲ್ಲ. ಮಾಸ್ತರರು ಹೇಳಿದ್ದು ತಿಳಿಯದೆ ಎದ್ದು ಹೋಗಿ ಪಕ್ಕದವನ ಪಾಟಿ ಇಣುಕುತ್ತಾನೆ. ಉಡಾಳನೆಂಬ ಹೆಸರು ಬರಲು ಇಷ್ಟು ಸಾಕು. ಅವನಿಗೆ ಬೇಕಾದದ್ದು ಮುಂದಿನ ಸಾಲು, ಶ್ರವಣಯಂತ್ರ. ಗಡಿಭಾಗದಲ್ಲಿ ಇನ್ನೊಂದು ತೊಡಕೂ ಇದೆ: ಮನೆ, ಶಾಲೆ ಎರಡೂ ಕನ್ನಡ, ಆಡಳಿತ ಮರಾಠಿ. ತಪಾಸಣೆಗೆ ಬಂದವರು ಮರಾಠಿಯಲ್ಲಿ ಕೇಳಿದರೆ ಹುಡುಗನ ಮೌನಕ್ಕೆ ಕಿವಿ ಕಾರಣವೋ ಭಾಷೆಯೋ ಗೊತ್ತಾಗದು. ತಪಾಸಣೆ ಮಗುವಿನ ಭಾಷೆಯಲ್ಲೇ ನಡೆಯಬೇಕು.

ಹೊರಹಾಕುವಿಕೆ ಆದೇಶದ ರೂಪದಲ್ಲೇ ಬರಬೇಕೆಂದಿಲ್ಲ. “ನಾಳಿಂದ ಹುಡುಗನ್ನ ಕಳಸಬ್ಯಾಡ್ರಿ” ಎಂಬ ಬಾಯಿಮಾತಿಗೂ ಪರಿಣಾಮ ಅದೇ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿದಿರುತ್ತದೆ. ತೀವ್ರ ವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಕಲಿಸುವ ಅವಕಾಶವನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ ನಿಜ. ಆದರೆ ಆ ಆಯ್ಕೆ ಮಗುವಿನದು, ಶಾಲೆಯದಲ್ಲ.

ದೂರನ್ನು ಅದೇ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಕೊಡಬೇಕು; ಅದು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ಹಳ್ಳಿಗಳಲ್ಲಿ ಆ ಪ್ರಾಧಿಕಾರ ಜಿಲ್ಲಾ ಪರಿಷತ್ತು. ಅಲ್ಲಿನ ಸರಕಾರಿ ಶಾಲೆ ನಡೆಸುವುದೂ ಅದೇ. ಹೀಗಾಗಿ ರಾಜ್ಯ ಮಕ್ಕಳ ಹಕ್ಕುಗಳ ಆಯೋಗಕ್ಕೆ ಮೇಲ್ಮನವಿ ಸಲ್ಲಿಸುವ ಅವಕಾಶಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿದೆ. ಬಾಯಿಮಾತಿನಲ್ಲಿ ಮುಗಿದ ಪ್ರಕರಣವನ್ನು ಅಲ್ಲಿಯವರೆಗೆ ಒಯ್ಯುವುದು ಕಷ್ಟ. ಆದ್ದರಿಂದ ಮಗುವನ್ನು ಹೊರಗಿಡುವ ಯಾವುದೇ ಸೂಚನೆಯನ್ನು, ಕಾರಣಸಹಿತ, ಬರಹದಲ್ಲಿ ಕೇಳಿ ಪಡೆಯುವುದೇ ಪಾಲಕರ ಮೊದಲ ಕೆಲಸ.